ಸೀದ ಪಾಡ್ ತೊಳೆದು ಮತ್ತೆ ಬಳಸಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ಊರು ಮೈಸೂರು, ಆರು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ವಯಸ್ಸು 36. ಹದಿಮೂರು ವರ್ಷ ಸಿಗರೇಟು ಸೇದಿ, ಎರಡು ವರ್ಷದ ಹಿಂದೆ ಬಿಟ್ಟು ವೇಪ್‌ಗೆ, ಅಂದರೆ ಇ-ಸಿಗರೇಟಿಗೆ ಬಂದೆ. ಮೊದಲು ಬಳಸಿ ಬಿಸಾಡುವ ವೇಪ್ ತರುತ್ತಿದ್ದೆ. ಅವು ನಿಂತುಹೋದ ಮೇಲೆ, ಸಾಧನಕ್ಕೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ (ಪಾಡ್) ನಾವೇ ನಿಕೋಟಿನ್ ಲಿಕ್ವಿಡ್ ತುಂಬಿಸುವಂಥದ್ದು ಕೊಂಡೆ. ನಾಲ್ಕೈದು ದಿನಕ್ಕೇ ಸೀದ ವಾಸನೆ ಶುರುವಾಗುತ್ತದೆ. ಒಂದೊಂದು ಪಾಡಿಗೆ ಮೂರು ಪೌಂಡ್. ಬಿಸಿನೀರಿನಲ್ಲಿ ನೆನೆಸಿ, ವೋಡ್ಕಾದಲ್ಲಿ ಜಾಲಿಸಿ, ಓವನ್‌ನಲ್ಲಿ ಒಣಗಿಸಿದರೆ ಹೊಸದರ ಹಾಗೆ ಆಗುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮಾಡಬಹುದಾ? ಅದಕ್ಕೇ ಅಂತ ಡ್ರಾಯರ್‌ನಲ್ಲಿ ಹನ್ನೊಂದು ಹಳೇ ಪಾಡ್ ಎತ್ತಿಟ್ಟಿದ್ದೇನೆ. ಇನ್ನೊಂದು ವಿಷಯ. ಡಿಸೆಂಬರ್‌ನಲ್ಲಿ ಮೂರು ವಾರ ಊರಿಗೆ ಹೊರಟಿದ್ದೇವೆ. ಎಷ್ಟು ಪಾಡ್ ತೆಗೆದುಕೊಂಡು ಹೋಗಬಹುದು?

ಉತ್ತರ: ಹನ್ನೊಂದು ಪಾಡಿನ ವಿಷಯ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ ಇಟ್ಟ ಮನೆಗಳಲ್ಲಿ ಬೆಳೆದವರು ನಾವು. ಮೂರು ಪೌಂಡಿನ ವಸ್ತುವನ್ನು ವಾರ ತುಂಬುವ ಮೊದಲೇ ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ.

ಆದರೆ ಮನೆಯ ದೇವರ ದೀಪ ನೆನಪಿಸಿಕೊಳ್ಳಿ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ, ಫಳಫಳ ಹೊಳೆಯುತ್ತದೆ. ಬತ್ತಿಯನ್ನು ಯಾರಾದರೂ ತೊಳೆದು ಒಣಗಿಸಿ ಮತ್ತೆ ಹಾಕುತ್ತಾರಾ? ಪಾಡಿನ ಕತೆಯೂ ಅಷ್ಟೇ. ಲೋಹ, ಗಾಜು, ಗಟ್ಟಿ ಪ್ಲಾಸ್ಟಿಕ್ಕು ತೊಳೆಯಬಹುದು, ಹತ್ತಿಯ ಬತ್ತಿ ತೊಳೆಯಲು ಬರುವುದಿಲ್ಲ. ನಿಮ್ಮದರಂಥ ಪಾಡಿನಲ್ಲಿ ಬತ್ತಿ ಮತ್ತು ಅದನ್ನು ಕಾಯಿಸುವ ಲೋಹದ ಕಾಯಿಲ್ ಒಳಗೇ ಕೂತುಬಿಟ್ಟಿರುತ್ತವೆ, ಬಿಚ್ಚಿ ಬದಲಿಸಲು ಆಗುವುದಿಲ್ಲ. ಹಾಗಾಗಿ ಒಮ್ಮೆ ಸೀದ ಪಾಡನ್ನು ತೊಳೆದು ಬಳಸುವುದು ಬೇಡ. ಒಂದೂ ಬೇಡ, ಹನ್ನೊಂದೂ ಬೇಡ.

ನಾನು ಫಾರ್ಮಸಿ ಕೌಂಟರ್‌ನಲ್ಲಿ ಕೂತು ಸಿಗರೇಟು ಬಿಡುವವರಿಗೆ ಸಲಹೆ ಕೊಡುವವಳು. ಹೋದ ವಾರ ಒಬ್ಬರು ಇದೇ ತಕರಾರು ತಂದರು. ಅವರು ಪಾಡನ್ನು ಎರಡು ಸಲ ತೊಳೆದಿದ್ದರು. ಮೇಲ್ನೋಟಕ್ಕೆ ಸ್ವಚ್ಛವಾಗಿತ್ತು, ಆಚೆ ಬದಿಯ ಬೆರಳು ಕಾಣುವಷ್ಟು. ಅವರ ಒಪ್ಪಿಗೆ ಕೇಳಿ, ಗ್ಲೌಸ್ ಹಾಕಿಕೊಂಡು ಬ್ಲೇಡಿನಿಂದ ಸೀಳಿದೆ. ಒಳಗೆ ಕಡಲೆಬೀಜದ ಗಾತ್ರದ ಲೋಹದ ಕೊಳವೆ. ಅದರೊಳಗೆ ಜರಡಿಯಂಥ ತೆಳು ತಗಡು ಸುರುಳಿ ಸುತ್ತಿಕೊಂಡಿತ್ತು. ಅದೇ ಮೆಶ್ ಕಾಯಿಲ್. ಅದರ ಸುತ್ತ ಹತ್ತಿ. ಹತ್ತಿಯ ಹೊರಗಿನ ಅಂಚು ಟೀ ಬಣ್ಣ, ಒಳಗೆ ಹೋದ ಹಾಗೆ ಡಿಕಾಕ್ಷನ್ ಬಣ್ಣ, ತಗಡಿಗೆ ಅಂಟಿದ ಕಡೆ ಕಪ್ಪು. ಚಿಮುಟದ ತುದಿ ತಾಗಿಸಿದರೆ ಆ ಕಪ್ಪು ಭಾಗ ಪುಡಿಪುಡಿಯಾಗಿ ಉದುರಿತು. ಜರಡಿಯ ತೂತುಗಳಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿದ್ದವು, ತಳ ಹಿಡಿದ ಪಾಯಸದ ಪಾತ್ರೆಯ ಹಾಗೆ. ಎರಡು ಸಲ ತೊಳೆದರೂ ನೀರು ಅಲ್ಲಿಯ ಮಸಿಯನ್ನು ಬಿಡಿಸಿರಲಿಲ್ಲ. ಅವರು ಸುಮ್ನೆ ನೋಡುತ್ತಾ ನಿಂತರು. ಆಮೇಲೆ, “ಇದನ್ನಾ ನಾನು ಎಳೀತಿದ್ದದ್ದು?” ಅಂದರು.

ಆ ಕಪ್ಪು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾದರೆ ನಿಮ್ಮ ನಾಲ್ಕೈದು ದಿನದ ಸಮಸ್ಯೆಯೂ ಅರ್ಥವಾಗುತ್ತದೆ. ಲಿಕ್ವಿಡ್‌ನಲ್ಲಿ ಮುಖ್ಯವಾಗಿ ಎರಡು ದ್ರವ ಇವೆ, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು 188 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಎರಡನೆಯದು 290ಕ್ಕೆ. ಹತ್ತಿ ಒದ್ದೆ ಇರುವವರೆಗೆ ಕಾಯಿಲ್‌ನ ಬಿಸಿಯನ್ನು ಈ ದ್ರವವೇ ಹೀರಿಕೊಂಡು ಆವಿಯಾಗುತ್ತದೆ. ಅನ್ನದ ಪಾತ್ರೆಯಲ್ಲಿ ನೀರಿರುವ ತನಕ ತಳ ಸೀಯುವುದಿಲ್ಲವಲ್ಲ, ಹಾಗೆ. ನೀವು ಬೇಗಬೇಗ ದಮ್ಮು ಎಳೆದರೆ, ಅಥವಾ ಲಿಕ್ವಿಡ್ ತಳಕ್ಕೆ ಬಂದಮೇಲೂ ಎಳೆಯುತ್ತಿದ್ದರೆ, ಹತ್ತಿಗೆ ದ್ರವ ಸಾಲದೆ ಹೋಗುತ್ತದೆ. ಬಿಸಿ ಒಮ್ಮೆಲೇ ಏರುತ್ತದೆ, ಹತ್ತಿ ಕರಕಲಾಗುತ್ತದೆ. ಗ್ಲಿಸರಿನ್ ಒಡೆದು ಅಕ್ರೋಲಿನ್ ಆಗುತ್ತದೆ. ಬಾಣಲೆಯಲ್ಲಿ ಎಣ್ಣೆ ಜಾಸ್ತಿ ಕಾದು ಹೊಗೆ ಎದ್ದಾಗ ಕಣ್ಣು ಗಂಟಲು ಉರಿಸುವ ಘಾಟು ಬರುತ್ತದೆ, ಅದರಲ್ಲಿರುವುದೂ ಇದೇ. ಜೊತೆಗೆ ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್ ಅನ್ನುವ ಹಾನಿಕರ ರಾಸಾಯನಿಕಗಳೂ ಹುಟ್ಟುತ್ತವೆ. ಸೀದ ದಮ್ಮು ಬಂದ ಕೂಡಲೇ ಕೆಮ್ಮಿ ಬಾಯಿಂದ ತೆಗೆಯುತ್ತೀರಲ್ಲ, ಅದು ಒಳ್ಳೆಯದೇ. ದೇಹ ಸರಿಯಾದ ಸುದ್ದಿಯನ್ನೇ ಕೊಡುತ್ತಿದೆ.

ಇನ್ನು ಸಿಹಿ. ಮಾವಿನಹಣ್ಣು, ಸ್ಟ್ರಾಬೆರಿ ಐಸ್‌ಕ್ರೀಂ, ಕಸ್ಟರ್ಡ್ ಅಂತೆಲ್ಲ ಬರುವ ಲಿಕ್ವಿಡ್‌ಗಳಲ್ಲಿ ಬಹಳಷ್ಟಕ್ಕೆ ಸುಕ್ರಲೋಸ್ ಅನ್ನುವ ಕೃತಕ ಸಿಹಿ ಹಾಕಿರುತ್ತಾರೆ. ಅದು ಉಳಿದ ದ್ರವದ ಹಾಗೆ ಆವಿಯಾಗಿ ಹೋಗುವುದಿಲ್ಲ. ಕಾಯಿಲ್ ಮೇಲೇ ಉಳಿದು, ಪಾಕದ ಹಾಗೆ ಗಟ್ಟಿಯಾಗಿ, ಆಮೇಲೆ ಸೀಯುತ್ತದೆ. ನೀವು ಯಾವ ರುಚಿ ಬಳಸುತ್ತೀರಿ ಅಂತ ಬರೆದಿಲ್ಲ. ನಾಲ್ಕೇ ದಿನಕ್ಕೆ ಪಾಡ್ ಹೋಗುತ್ತಿದೆ ಅಂದರೆ ಸಿಹಿಯದ್ದೇ ಇರಬೇಕು ಅನ್ನುವುದು ನನ್ನ ಊಹೆ.

ಈಗ ಆ ವಿಡಿಯೋದ ವಿಷಯ. ಕುದಿನೀರು ಹಾಕಿದರೆ ಪಾಡಿನ ತೆಳು ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ, ಒಳಗಿನ ರಬ್ಬರ್ ಸೀಲು ಸಡಿಲವಾಗುತ್ತದೆ. ಆಮೇಲೆ ಲಿಕ್ವಿಡ್ ಸೋರಲು ಶುರು. ವೋಡ್ಕಾ ಜಿಗುಟನ್ನು ಒಂದಿಷ್ಟು ಕರಗಿಸುತ್ತದೆ ನಿಜ, ಆದರೆ ಅದು ಹತ್ತಿಯ ಆಳದಲ್ಲಿ ಉಳಿದರೆ? ಆಲ್ಕೋಹಾಲ್ ಬೆಂಕಿ ಹಿಡಿಯುವ ವಸ್ತು, ಕಾಯಿಲ್ ಕಾಯುವ ವಸ್ತು. ಎರಡನ್ನೂ ಬಾಯಿ ಹತ್ತಿರ ಒಟ್ಟಿಗೆ ತರುವುದು ಜಾಣತನ ಅಲ್ಲ. ಮನೆಯಲ್ಲಿರುವ ಐಸೊಪ್ರೊಪಿಲ್ ಆಲ್ಕೋಹಾಲ್‌ಗೂ ಇದೇ ಮಾತು. ಓವನ್ನಂತೂ ಕೇಳಲೇಬೇಡಿ, ಪ್ಲಾಸ್ಟಿಕ್ಕು ಕರಗಿ, ನಿಕೋಟಿನ್ ಆವಿ ಅಡುಗೆಮನೆ ತುಂಬುತ್ತದೆ. ಮೈಕ್ರೋವೇವ್‌ನಲ್ಲಿ ಇಟ್ಟವರೂ ಇದ್ದಾರೆ! ಒಳಗೆ ಲೋಹ ಇದೆ, ಕಿಡಿ ಹಾರುತ್ತದೆ. ಇಷ್ಟೆಲ್ಲ ಮಾಡಿದರೂ ಕರಕಲಾದ ಹತ್ತಿ ಕರಕಲಾಗಿಯೇ ಇರುತ್ತದೆ. ನೆನೆಸಿದರೆ ಅದು ಇನ್ನಷ್ಟು ಸಡಿಲವಾಗಿ ಚೂರುಚೂರಾಗಿ ಬಿಡಿಸಿಕೊಳ್ಳಬಹುದು. ಆ ಚೂರು ಹೋಗುವುದು ನಿಮ್ಮ ಗಂಟಲಿಗೆ.

ಹಳೇ ಕಾಯಿಲ್ ಬಗ್ಗೆ ಇನ್ನೊಂದು ಮಾತು. ಕಾಯಿಲ್‌ಗಳನ್ನು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಲೋಹದಿಂದಲೋ, ನಿಕಲ್ ಕ್ರೋಮಿಯಂನಿಂದಲೋ ಮಾಡಿರುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಾ ವೇಪ್ ಮಾಡುವ 56 ಜನರ ಸಾಧನಗಳನ್ನು ಪರೀಕ್ಷಿಸಿದರು. ಬಾಟಲಿಯಲ್ಲಿದ್ದ ಲಿಕ್ವಿಡ್‌ಗಿಂತ ಕಾಯಿಲ್ ದಾಟಿ ಬಂದ ಆವಿಯಲ್ಲಿ ಸೀಸ, ನಿಕಲ್, ಕ್ರೋಮಿಯಂ ಜಾಸ್ತಿ ಸಿಕ್ಕಿತು. ಅಂದರೆ ಲೋಹ ಬರುತ್ತಿರುವುದು ಸಾಧನದಿಂದಲೇ. ಅದನ್ನು ಉಜ್ಜಿ, ನೆನೆಸಿ, ಕೆಂಪಗಾಗುವಂತೆ ಒಣದಾಗಿ ಕಾಯಿಸಿ ಇನ್ನಷ್ಟು ದಿನ ಎಳೆಯುವುದು ನನಗೆ ಸರಿ ಕಾಣುವುದಿಲ್ಲ. ತಂತಿ ಸುತ್ತಿ, ಹತ್ತಿ ತಾವೇ ಹಾಕಿಕೊಳ್ಳುವ ಹವ್ಯಾಸಿಗಳು ಬೇರೆ ಇದ್ದಾರೆ. ಅವರು ಕೂಡ ತಂತಿಯನ್ನು ತೊಳೆಯುತ್ತಾರೆ, ಹತ್ತಿಯನ್ನು ಪ್ರತಿ ಸಲ ಹೊಸದಾಗಿ ಹಾಕುತ್ತಾರೆ. ದೀಪದ ಬತ್ತಿಯದ್ದೇ ಲೆಕ್ಕ.

ಹಾಗಾದರೆ ತೊಳೆಯುವಂಥದ್ದು ಏನೂ ಇಲ್ವಾ? ಇದೆ. ಕಾಯಿಲ್ ಬೇರೆ ಬಿಚ್ಚಿ ತೆಗೆಯುವ ಮಾದರಿಗಳು ಸಿಗುತ್ತವೆ. ಅದರಲ್ಲಿ ಕಾಯಿಲನ್ನು ಮಾತ್ರ ಬಿಸಾಡಿ ಹೊರಗಿನ ಟ್ಯಾಂಕನ್ನು ತಿಂಗಳುಗಟ್ಟಲೆ ಬಳಸಬಹುದು. ಕಾಯಿಲ್ ಬದಲಿಸುವ ದಿನವೇ ಟ್ಯಾಂಕ್ ತೊಳೆಯಿರಿ. ಮೊದಲು ಬ್ಯಾಟರಿಯಿಂದ ಬಿಡಿಸಿ. ಉಳಿದ ಲಿಕ್ವಿಡನ್ನು ಟಿಶ್ಯೂಗೆ ಹೀರಿಸಿ. ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಟ್ಯಾಂಕು, ಬಾಯಿಗೆ ಇಡುವ ತುದಿ, ರಬ್ಬರ್ ರಿಂಗು ಎಲ್ಲ ಹತ್ತು ನಿಮಿಷ ನೆನೆಯಲಿ. ಮೂಲೆಗೆ ಹಳೇ ಮೆತ್ತನೆ ಬ್ರಷ್ ಸಾಕು. ಸೋಪಿನ ವಾಸನೆ ಹೋಗುವ ತನಕ ಜಾಲಿಸಿ, ಬಟ್ಟೆಯ ಮೇಲೆ ರಾತ್ರಿಯಿಡೀ ಬಿಡಿ. ರಬ್ಬರ್ ರಿಂಗು ಎಲ್ಲಿ ಕೂತಿತ್ತು ಅಂತ ಬಿಚ್ಚುವ ಮೊದಲೇ ಫೋಟೋ ಹೊಡೆದುಕೊಳ್ಳಿ. ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಆ ರಿಂಗು ಹುಡುಕುವ ಸಂಕಟ ಬೇಡ.

ನಿಮ್ಮ ಪಾಡಿಗೂ ಒಂದು ಶುಚಿ ಕೆಲಸ ಇದೆ, ಜನ ಅದನ್ನೇ ಮರೆಯುತ್ತಾರೆ. ಪಾಡನ್ನು ಎತ್ತಿ ಅದು ಕೂರುವ ಗುಂಡಿ ನೋಡಿ. ಅಲ್ಲಿ ಚಿನ್ನದ ಬಣ್ಣದ ಎರಡು ಪುಟ್ಟ ಲೋಹದ ಬೊಟ್ಟು ಇರುತ್ತವೆ, ಕರೆಂಟು ಹರಿಯುವುದು ಅವುಗಳಿಂದ. ಆವಿ ತಣ್ಣಗಾಗಿ ಅಲ್ಲಿ ಜಿಡ್ಡು ಕೂರುತ್ತದೆ. ಪಾಡ್ ಗೊಳಗೊಳ ಅನ್ನುತ್ತದೆ, ಲೈಟು ಮಿನುಗುತ್ತದೆ, ಆವಿ ಕಡಿಮೆ ಬರುತ್ತದೆ. ಪಾಡ್ ಕೆಟ್ಟಿತು ಅಂದುಕೊಂಡು ಹೊಸದು ಹಾಕುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಒಣ ಟಿಶ್ಯೂನಿಂದ ಪಾಡಿನ ತಳ, ಹತ್ತಿ ಕಡ್ಡಿಯಿಂದ ಆ ಬೊಟ್ಟುಗಳನ್ನು ಒರೆಸಿ. ಇಲ್ಲಿ ಬೇಕಾದರೆ ಹತ್ತಿ ಕಡ್ಡಿಗೆ ತುಸು ಐಸೊಪ್ರೊಪಿಲ್ ಆಲ್ಕೋಹಾಲ್ ಹಚ್ಚಬಹುದು. ಪೂರ್ತಿ ಆರಿದ ಮೇಲೆ ಪಾಡ್ ಹಾಕಿ. ನಿಮ್ಮ ಹನ್ನೊಂದರಲ್ಲಿ ಎರಡು ಮೂರು ಪಾಡ್ ಹೀಗೆ ಅನ್ಯಾಯವಾಗಿ ನಿವೃತ್ತಿಯಾಗಿರಬಹುದು!

ಲಿಕ್ವಿಡ್ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಗಾಳಿ ಬೆಳಕು ತಾಗಿದರೆ ನಿಕೋಟಿನ್ ಟೀ ಬಣ್ಣಕ್ಕೆ ಬರುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ವಾಸನೆ ನೋಡಿ.

ತೊಳೆಯುವಾಗ ಕೈಗೆ ಗ್ಲೌಸ್ ಇರಲಿ, ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಬ್ರಿಟನ್ನಿನ ನಿಯಮದಂತೆ ಟ್ಯಾಂಕಿಗೆ 2 ಮಿಲಿಲೀಟರ್, ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್, ಇದು ಗರಿಷ್ಠ. ಅಂದರೆ ತುಂಬಿದ ಒಂದು ಪಾಡಿನಲ್ಲಿ 40 ಮಿಲಿಗ್ರಾಂ ಇರಬಹುದು. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಸುಮಾರು 1ರಿಂದ 2 ಮಿಲಿಗ್ರಾಂ. ಈ ಲೆಕ್ಕ ಮನಸ್ಸಿನಲ್ಲಿದ್ದರೆ, ನೆನೆಸಿದ ಬಟ್ಟಲನ್ನು ಮಗುವಿನ ಕೈಗೆಟುಕುವ ಕಡೆ ಇಡುವುದಿಲ್ಲ. ಅಡುಗೆಯ ಪಾತ್ರೆಗಳ ಜೊತೆ ತೊಳೆಯಬೇಡಿ, ಬಚ್ಚಲಿನ ಸಿಂಕ್ ಬಳಸಿ ಜಾಸ್ತಿ ನೀರು ಬಿಡಿ. ಚಿಕ್ಕ ಮಗು ಲಿಕ್ವಿಡ್ ನುಂಗಿತು ಅಂದರೆ ವಾಂತಿ ಮಾಡಿಸಲು ಹೋಗಬೇಡಿ, ಇಲ್ಲಿಯ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ.

ಈಗ ದುಡ್ಡು ಉಳಿಸುವ ಮಾತಿಗೆ ಬರೋಣ. ನಿಮ್ಮ ಪ್ರಶ್ನೆಯ ಬೇರು ಅದೇ ಅಲ್ವಾ? ಸರಿಯಾಗಿ ನೋಡಿಕೊಂಡ ಪಾಡ್ ಒಂದರಿಂದ ಎರಡು ವಾರ ಬರಬೇಕು. ಹೊಸ ಪಾಡಿಗೆ ಲಿಕ್ವಿಡ್ ತುಂಬಿದ ಕೂಡಲೇ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಹತ್ತಿ ಇನ್ನೂ ಒಣಗಿರುತ್ತದೆ, ಮೊದಲ ದಮ್ಮಿಗೇ ಸೀದು ಕೂರುತ್ತದೆ. ಹತ್ತು ಹದಿನೈದು ನಿಮಿಷ ಹಾಗೇ ಬಿಡಿ, ಒಂದು ಕಾಫಿ ಮಾಡಿಕೊಂಡು ಬನ್ನಿ. ಒಂದು ದಮ್ಮಿಗೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ ಬಿಡುವು ಕೊಡಿ. ಲಿಕ್ವಿಡ್ ಮೂರನೇ ಒಂದು ಭಾಗಕ್ಕೆ ಇಳಿದಾಗಲೇ ತುಂಬಿಸಿ. ಸಣ್ಣ ಪಾಡುಗಳಿಗೆ ಅರ್ಧ ಗ್ಲೈಕಾಲ್, ಅರ್ಧ ಗ್ಲಿಸರಿನ್ ಇರುವ ತೆಳು ಲಿಕ್ವಿಡ್ ಸರಿ. ಗ್ಲಿಸರಿನ್ 70 ಭಾಗ ಇರುವ ದಪ್ಪ ಲಿಕ್ವಿಡ್ ಸಣ್ಣ ತೂತಿನಲ್ಲಿ ಇಳಿಯುವುದಿಲ್ಲ, ಹತ್ತಿ ಬಾಯಾರಿಕೊಂಡೇ ಇರುತ್ತದೆ. ರುಚಿಯಲ್ಲಿ ಪುದೀನ, ಮೆಂಥಾಲ್ ಥರದವು ಕಾಯಿಲ್‌ಗೆ ಹಗುರ. ಈಗ ತಿಂಗಳಿಗೆ ಆರೇಳು ಪಾಡ್, ಅಂದರೆ ಸುಮಾರು 20 ಪೌಂಡ್ ಹೋಗುತ್ತಿದೆ. ಎರಡು ವಾರಕ್ಕೊಂದು ಅಂತಾದರೆ 6 ಪೌಂಡ್. ವೋಡ್ಕಾದ ಖರ್ಚೂ ಉಳಿಯಿತು.

ಅಂದಹಾಗೆ, ಇಲ್ಲಿಯ ಕಾನೂನೂ ಕಾಯಿಲ್ ಬಿಸಾಡುವ ವಸ್ತು ಅಂತಲೇ ಲೆಕ್ಕ ಹಾಕಿದೆ. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಒಮ್ಮೆ ಬಳಸಿ ಬಿಸಾಡುವ ವೇಪ್ ಮಾರುವ ಹಾಗಿಲ್ಲ. ಸಾಧನಕ್ಕೆ ಚಾರ್ಜ್ ಮಾಡಲು ಬರಬೇಕು, ಮತ್ತೆ ತುಂಬಿಸಲು ಬರಬೇಕು, ಕಾಯಿಲನ್ನು (ನಿಮ್ಮದರ ಹಾಗೆ ಪಾಡಿನ ಸಮೇತವಾದರೂ ಸರಿ) ಬದಲಿಸಲು ಬರಬೇಕು. ಮೂರೂ ಇದ್ದರೆ ಮಾತ್ರ ಅದು ಮರುಬಳಕೆಯದ್ದು. ಲಿಕ್ವಿಡ್ ಮೇಲೆ 10 ಮಿಲಿಲೀಟರಿಗೆ 2.20 ಪೌಂಡ್ ಸುಂಕ ಹಾಕಲು 2026ರ ಅಕ್ಟೋಬರ್ 1ರ ದಿನಾಂಕ ಗೊತ್ತುಮಾಡಿದ್ದಾರೆ. ಹಾಗಾಗಿ ಖರ್ಚಿನ ತಲೆಬಿಸಿ ಪಾಡಿಗೇ ನಿಲ್ಲುವುದಿಲ್ಲ.

ಉಳಿತಾಯದ ಹುಮ್ಮಸ್ಸಿನಲ್ಲಿ ಎರಡು ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಹಳೇ ಡಿಸ್ಪೋಸಬಲ್ ಮನೆಯಲ್ಲಿ ಬಿದ್ದಿದ್ದರೆ ಅದನ್ನು ಚಾಕುವಿನಿಂದ ಮೀಟಿ ತುಂಬಿಸುವುದು ಬೇಡ. ಒಳಗೆ ಲಿಥಿಯಂ ಬ್ಯಾಟರಿ ಇದೆ, ಚಾಕುವಿನ ತುದಿ ಚುಚ್ಚಿದರೆ ಹೊತ್ತಿಕೊಳ್ಳಬಹುದು. ಇನ್ನೊಂದು ಎಣ್ಣೆ. ನೆಗಡಿ ಆದಾಗ ನೀಲಗಿರಿ ಎಣ್ಣೆ ಎರಡು ತೊಟ್ಟು ಪಾಡಿಗೆ ಹಾಕಬಹುದಾ ಅಂತ ನಮ್ಮವರೇ ಒಬ್ಬರು ನನ್ನನ್ನು ಕೇಳಿದ್ದರು. ಬಿಸಿನೀರಿನ ಬೋಗುಣಿಗೆ ಹಾಕಿ ಹಬೆ ತೆಗೆದುಕೊಳ್ಳುವುದು ಬೇರೆ, ಕಾಯಿಲ್‌ನಲ್ಲಿ ಸುಟ್ಟು ಎಳೆಯುವುದು ಬೇರೆ. ಹೊಟ್ಟೆ ಅಡುಗೆ ಎಣ್ಣೆಯನ್ನು ಅರಗಿಸುತ್ತದೆ, ಶ್ವಾಸಕೋಶಕ್ಕೆ ಆ ವಿದ್ಯೆ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು ಜನ ಆಸ್ಪತ್ರೆ ಸೇರಿದ್ದು ನೆನಪಿರಬೇಕು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು, ಅದರಲ್ಲಿ ಸತ್ತವರು 68. ಮುಖ್ಯ ಕಾರಣ ಅಂತ ಸಿಕ್ಕಿದ್ದು ಗಾಂಜಾ ಕಾರ್ಟ್ರಿಜ್‌ಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆ. ಚರ್ಮಕ್ಕೆ ಹಚ್ಚುವ ಕ್ರೀಮುಗಳಲ್ಲಿ ಇರುವಂಥದ್ದೇ, ಅಲ್ಲಿ ತೊಂದರೆ ಇಲ್ಲ. ಯಾರೋ ಬಳಸಿ ಬಿಟ್ಟ, ಒಳಗೆ ಏನಿತ್ತೋ ಗೊತ್ತಿಲ್ಲದ ಕಾರ್ಟ್ರಿಜ್ ತೊಳೆದು ತುಂಬಿಸುವುದು ಬೇಡವೇ ಬೇಡ ಅನ್ನುವುದು ಇದಕ್ಕೇ.

ಡ್ರಾಯರ್‌ನ ಹನ್ನೊಂದನ್ನು ಮನೆಯ ಕಸದ ಬಿನ್ನಿಗೆ ಹಾಕಬೇಡಿ. ವೇಪ್ ಮಾರುವ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಬೇಕು ಅಂತ ಇಲ್ಲಿ ನಿಯಮ ಇದೆ. ಒಂದು ಜಿಪ್ ಕವರಿಗೆ ಹಾಕಿ, ಮುಂದಿನ ಸಲ ಲಿಕ್ವಿಡ್ ತರಲು ಹೋದಾಗ ಕೊಟ್ಟುಬಿಡಿ.

ಊರಿಗೆ ಎಷ್ಟು ತೆಗೆದುಕೊಂಡು ಹೋಗಬಹುದು? ಒಂದೂ ಇಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿ, ಮಾರಾಟ, ಆಮದು, ದಾಸ್ತಾನು ಎಲ್ಲ ಅಪರಾಧ. ಮೊದಲ ಸಲ ಆಮದಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸ್ವಂತಕ್ಕೆ ಇಷ್ಟು ತರಬಹುದು ಅನ್ನುವ ರಿಯಾಯಿತಿ ಕಾಯ್ದೆಯಲ್ಲಿ ಇಲ್ಲ. ದೋಹಾ ಮೇಲೆ ಹೋಗುವವರಾದರೆ ಕತಾರ್‌ನಲ್ಲೂ ನಿಷೇಧ. ಸಾಧನವನ್ನು ಲೆಸ್ಟರ್ ಮನೆಯಲ್ಲೇ ಬಿಟ್ಟು ಹೊರಡಿ.

ಮೂರು ವಾರ ನಿಕೋಟಿನ್ ಇಲ್ಲದೆ ಇದ್ದರೆ, ಮೈಸೂರಿನ ಪೆಟ್ಟಿಗೆ ಅಂಗಡಿಯ ಮುಂದೆ ಕಾಲು ತಾನಾಗಿ ನಿಲ್ಲುವ ಅಪಾಯ ಇದೆ. ನನಗೆ ಪಾಡ್ ತೊಳೆಯುವುದಕ್ಕಿಂತ ಅದರದ್ದೇ ಚಿಂತೆ. ವೇಪ್ ಸಿಗರೇಟಿಗಿಂತ ಕಡಿಮೆ ಹಾನಿ, ಹಾನಿಯೇ ಇಲ್ಲ ಅಂತಲ್ಲ. ಹಾಗಂತ ಎರಡು ವರ್ಷ ದೂರ ಇಟ್ಟ ಸಿಗರೇಟಿಗೆ ವಾಪಸ್ ಹೋಗುವುದು ಬೇಡ. ನಿಮ್ಮ ಲಿಕ್ವಿಡ್ 20 ಮಿಲಿಗ್ರಾಂ ನಿಕೋಟಿನ್‌ನದ್ದಾದರೆ, ಹೊರಡುವ ತಿಂಗಳ ಮೊದಲೇ 10ಕ್ಕೆ ಇಳಿಯಲು ನೋಡಿ. ಪದೇಪದೇ ಎಳೆಯಬೇಕು ಅನ್ನಿಸಿದರೆ ಅವಸರ ಬೇಡ. ನಿಮ್ಮ ಹತ್ತಿರದ ಎನ್‌ಎಚ್‌ಎಸ್ (ಇಲ್ಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆ) ಧೂಮಪಾನ ಬಿಡಿಸುವ ಸೇವೆಗೆ ಹೋಗಿ, ದುಡ್ಡು ಕೊಡಬೇಕಿಲ್ಲ. ನಿಕೋಟಿನ್ ಪ್ಯಾಚು ಮತ್ತು ಗಮ್ ಹೊಂದಿಸಿಕೊಡುತ್ತಾರೆ, ಅವನ್ನು ಇಲ್ಲಿಂದಲೇ ಒಯ್ಯಿರಿ. ಅಲ್ಲಿ ಮನಸ್ಸು ತೀರಾ ಎಳೆದರೆ ಭಾರತದ ತಂಬಾಕು ಕ್ವಿಟ್‌ಲೈನ್ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಗಮ್ ಅನ್ನು ಬಬಲ್‌ಗಮ್ ಥರ ಅಗಿಯಬೇಡಿ, ಬಿಕ್ಕಳಿಕೆ ಬರುತ್ತದೆ, ಹೊಟ್ಟೆ ತೊಳಸುತ್ತದೆ. ನಾಲ್ಕೈದು ಸಲ ನಿಧಾನಕ್ಕೆ ಅಗಿಯಿರಿ. ಖಾರದಂಥ ರುಚಿ ಬಂದ ಕೂಡಲೇ ನಿಲ್ಲಿಸಿ, ಅಜ್ಜಂದಿರು ಹೊಗೆಸೊಪ್ಪು ದವಡೆಗೆ ಒತ್ತಿಕೊಳ್ಳುತ್ತಿದ್ದರಲ್ಲ, ಹಾಗೆ ಕೆನ್ನೆಯ ಒಳಬದಿಗೆ ಇಟ್ಟುಕೊಳ್ಳಿ. ರುಚಿ ಹೋದಾಗ ಮತ್ತೆ ಅಗಿಯಿರಿ. ಒಂದು ಗಮ್ ಅರ್ಧ ಗಂಟೆ ಬರಬೇಕು. ಕಾಫಿ ಕುಡಿದ ಬಾಯಿಗೆ ಮಾತ್ರ ಹಾಕಿಕೊಳ್ಳಬೇಡಿ, ಕಾಫಿಯ ಹುಳಿಗೆ ನಿಕೋಟಿನ್ ಕೆನ್ನೆಯಿಂದ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮನೆ ತಲುಪಿದ ಕೂಡಲೇ ಕೈಗೆ ಬರುವ ಆ ಲೋಟ ಫಿಲ್ಟರ್ ಕಾಫಿಯನ್ನು ನೆಮ್ಮದಿಯಾಗಿ ಕುಡಿದು ಮುಗಿಸಿ. ಬಾಯಿ ಮುಕ್ಕಳಿಸಿ, ಕಾಲು ಗಂಟೆ ಬಿಟ್ಟು ಗಮ್.